ಎದುರು ವಾದ ಕೇಳಿಸದ ತರಗತಿ: ಗಡಿ ಕಾಲೇಜುಗಳ ರಾಜಕೀಯ ಪಾಠದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಮಹಾರಾಷ್ಟ್ರದ ಉದಗೀರದಲ್ಲಿ ರೈಲು ಹತ್ತಿದರೆ ಕಮಲನಗರ, ಭಾಲ್ಕಿ ದಾಟಿ ಬೀದರ್. ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಬಸವಕಲ್ಯಾಣದ ಸೀಮೆ. ನಿಲಂಗಾ ತಾಲ್ಲೂಕಿನ ಔರಾದ್ ಶಹಾಜಾನಿ ಬಿಟ್ಟರೆ ಮುಂದೆ ಕರ್ನಾಟಕ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ಅಜ್ಜನ ಕಾಲದ ಹೊಲದ ಕಾಗದದಲ್ಲಿ ಉರ್ದು ಇರುವ ಕುಟುಂಬಗಳು ಈ ಮೂರೂ ತಾಲ್ಲೂಕುಗಳಲ್ಲಿ ಈಗಲೂ ಸಿಗುತ್ತವೆ. ಅಂಥ ಮನೆಗಳ ಮಕ್ಕಳು ಓದುವ ಕಾಲೇಜುಗಳು ಎರಡು ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿವೆ. ಉಮರ್ಗಾದವು ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಿಲಂಗಾ ಮತ್ತು ಉದಗೀರದವು ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮೊದಲನೆಯದಕ್ಕೆ ಅಂಬೇಡ್ಕರ್ ಹೆಸರಿಡುವ ಜಗಳ 1978ರಿಂದ 1994ರವರೆಗೆ ನಡೆಯಿತು, ದಲಿತರ ಮನೆಗಳು ಸುಟ್ಟುಹೋದವು, ಜೀವಗಳು ಹೋದವು. ಎರಡನೆಯದಕ್ಕೆ ಹೆಸರು ಕೊಟ್ಟ ಸ್ವಾಮೀಜಿ ನಮ್ಮ ಸಿಂದಗಿ ಸೀಮೆಯಲ್ಲಿ ಹುಟ್ಟಿದವರು, ಮರಾಠವಾಡಾದಲ್ಲಿ ಮೇಷ್ಟ್ರಾದವರು, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದವರು.

ಕಾಲೇಜಿನ ಬೋರ್ಡು ಓದಿದರೂ ರಾಜಕೀಯದ ಪಾಠ ಶುರುವಾಗುವ ಊರುಗಳಿವು. ಬೇರೆ ಬೇರೆ ರಾಜಕೀಯ ನಿಲುವುಗಳನ್ನು ತರಗತಿಯಲ್ಲಿ ನ್ಯಾಯವಾಗಿ ಕಲಿಸುವುದೆಂದರೇನು ಎಂಬ ಬಗ್ಗೆ ಇಲ್ಲಿನ ಸ್ಟಾಫ್ ರೂಮುಗಳಲ್ಲಿ, ಆಡಳಿತ ಮಂಡಳಿಗಳಲ್ಲಿ, ಪಾಲಕರಲ್ಲಿ ಕೆಲವು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕಾಲೇಜಿನೊಳಗೆ ರಾಜಕೀಯ ಬರಲೇಬಾರದು.

ವಾಸ್ತವ: ಪಠ್ಯಕ್ರಮದಲ್ಲೇ ಅದು ಕೂತಿದೆ. ಒಕ್ಕೂಟ ವ್ಯವಸ್ಥೆ, ಭಾಷಾವಾರು ರಾಜ್ಯಗಳು, ಮೀಸಲಾತಿ, ಪಕ್ಷ ಪದ್ಧತಿ ಬಿಟ್ಟು ರಾಜ್ಯಶಾಸ್ತ್ರ ಕಲಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಲಿ. 61ನೇ ತಿದ್ದುಪಡಿಯ ಮೂಲಕ 1989ರಿಂದ ಹದಿನೆಂಟು ತುಂಬಿದವರೆಲ್ಲ ಮತದಾರರು. ಅಂದರೆ ಪದವಿ ತರಗತಿಯ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಸರ್ಕಾರ ಆರಿಸುವವರೇ. ಕಾಲೇಜಿಗೆ ಬರಬಾರದ್ದು ಪಕ್ಷದ ಬಾವುಟ, ಪಕ್ಷದ ಚಂದಾ ಮತ್ತು ಹಾಜರಾತಿಯ ಆಸೆ ತೋರಿಸಿ ತುಂಬಿಸುವ ಸಭಾಂಗಣ. "ನಮ್ಮಲ್ಲಿ ರಾಜಕೀಯ ಇಲ್ಲ" ಎನ್ನುವ ಕಾಲೇಜುಗಳೇ ಸಚಿವರು ಬಂದ ದಿನ ತರಗತಿ ರದ್ದು ಮಾಡಿ ಮಕ್ಕಳನ್ನು ಪೆಂಡಾಲಿಗೆ ಕಳಿಸುವುದನ್ನು ಗಡಿಯ ಎರಡೂ ಕಡೆ ನೋಡಿದ್ದೇವೆ.

ತಪ್ಪು ಕಲ್ಪನೆ: ನ್ಯಾಯವಾಗಿ ಕಲಿಸುವುದೆಂದರೆ ಎರಡು ಕಡೆಗೂ ಸಮ ಸಮ ಸಮಯ ಕೊಡುವುದು.

ವಾಸ್ತವ: ಮೊದಲು ಎಷ್ಟು ಕಡೆ ಇವೆ ಅಂತ ಎಣಿಸಬೇಕು. ಆಮೇಲೆ ಯಾವುದು ನಡೆದ ಸಂಗತಿ, ಯಾವುದು ಅದರ ಬಗೆಗಿನ ನಿಲುವು ಅಂತ ಬೇರ್ಪಡಿಸಬೇಕು. ಗಡಿಯಾರ ನೋಡುವ ಕೆಲಸ ಕೊನೆಗೆ.

ಸೆಪ್ಟೆಂಬರ್ 17 ತೆಗೆದುಕೊಳ್ಳಿ. 1948ರ ಆ ದಿನ ಹೈದರಾಬಾದಿನ ನಿಜಾಮ ಭಾರತದ ಸೇನೆಗೆ ಶರಣಾದ. ಉಮರ್ಗಾದಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಪಕ್ಕದ ಬಸವಕಲ್ಯಾಣದಲ್ಲಿ ಮೊದಲು ವಿಮೋಚನಾ ದಿನವಾಗಿತ್ತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ಆಯಿತು. ಹೈದರಾಬಾದ್ ನಗರದಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ವಿಮೋಚನಾ ದಿನ ಆಚರಿಸಿತು, ಅದೇ ದಿನ ಅದೇ ಊರಿನಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಏಕತಾ ದಿನ ಆಚರಿಸಿತು. 2024ರಲ್ಲಿ ಬೇರೆ ಪಕ್ಷದ ಸರ್ಕಾರ ಅದನ್ನು ಪ್ರಜಾಪಾಲನಾ ದಿನ ಎಂದಿತು. ಒಂದೇ ಸಂಸ್ಥಾನದ ಒಂದೇ ದಿನ, ಸರ್ಕಾರಕ್ಕೊಂದು ಹೆಸರು. 18ನೇ ತಾರೀಖು ಬೆಳಿಗ್ಗೆ ಇತಿಹಾಸದ ಪಾಠಕ್ಕೆ ನಿಲ್ಲುವ ಮೇಷ್ಟ್ರು ಏನು ಮಾಡಬೇಕು?

ನಡೆದದ್ದನ್ನು ಮೊದಲು ಹಲಗೆಯ ಮೇಲೆ ಬರೆಯಬೇಕು, ಯಾವುದನ್ನೂ ಬಿಡದೆ. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಮುಖಂಡ ಕಾಸಿಂ ರಜ್ವಿ ದೂರದವನೇನಲ್ಲ, ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವನು. 1948ರ ಮೇ ತಿಂಗಳಲ್ಲಿ ಈಗಿನ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ನಡೆದ ಸಂಗತಿ. ಅದನ್ನು ಯಾವ ಸಮತೋಲನದ ಹೆಸರಿನಲ್ಲೂ ತೆಳು ಮಾಡುವಂತಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಕೊಲೆಯಾದರು. ಭಾರತದೊಂದಿಗೆ ವಿಲೀನವಾಗಬೇಕೆಂದು ಬರೆದದ್ದೇ ಅವರ ತಪ್ಪು. ಮುಸ್ಲಿಂ ಪತ್ರಕರ್ತನನ್ನು ರಜಾಕಾರರೇ ಕೊಂದ ಈ ಸಂಗತಿ ಹಲಗೆಗೆ ಬಂದರೆ "ಹಿಂದೂ ಕಡೆ, ಮುಸ್ಲಿಂ ಕಡೆ" ಎಂಬ ಎರಡು ಕಂಬಗಳ ಚಿತ್ರ ಅಲ್ಲೇ ಅಲುಗಾಡುತ್ತದೆ.

ಮುಂದಿನದು ಇನ್ನೂ ಕಷ್ಟದ್ದು. ಸೇನಾ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಇದ್ದ ತಂಡವನ್ನು ಕಳಿಸಿದರು. ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ಉಮರ್ಗಾ ಆಗ ಉಸ್ಮಾನಾಬಾದಿನಲ್ಲಿತ್ತು, ನಿಲಂಗಾ ಮತ್ತು ಉದಗೀರ ಬೀದರ್ ಜಿಲ್ಲೆಯಲ್ಲಿದ್ದವು. ಅಂದರೆ ಆ ವರದಿ ನಮ್ಮ ಊರುಗಳದ್ದೇ. ಸರ್ದಾರ್ ಪಟೇಲರು ಅದನ್ನು ಒಪ್ಪಲಿಲ್ಲ, ಅದು ದಶಕಗಟ್ಟಲೆ ಪ್ರಕಟವಾಗಲೂ ಇಲ್ಲ. ಕೆಲವೆಡೆ ಹಿಂದೂ ನೇಕಾರರು ತಮ್ಮ ಜೀವ ಪಣಕ್ಕಿಟ್ಟು ಮುಸ್ಲಿಂ ನೇಕಾರರನ್ನು ಕಾಪಾಡಿದರೆಂಬ ಮಾತೂ ಅದೇ ವರದಿಯಲ್ಲಿದೆ. ಕೊಲೆಯ ಲೆಕ್ಕ ಹೇಳುವವರು ಈ ಸಾಲನ್ನು ಯಾಕೋ ಬಿಟ್ಟೇ ಓದುತ್ತಾರೆ.

ಇಷ್ಟು ಹಲಗೆಯ ಮೇಲೆ ಬಂದಮೇಲೆ ನಿಲುವುಗಳು. ಸ್ಟೇಟ್ ಕಾಂಗ್ರೆಸ್ಸಿನ ಪರಂಪರೆಗೆ ಇದು ಜನರ ಹೋರಾಟದ ಗೆಲುವು. ಹಿಂದೂ ರಾಷ್ಟ್ರೀಯವಾದಿಗಳಿಗೆ ಧಾರ್ಮಿಕ ದಬ್ಬಾಳಿಕೆಯಿಂದ ಸಿಕ್ಕ ಬಿಡುಗಡೆ. 1946ರಿಂದ 1951ರವರೆಗೆ ತೆಲಂಗಾಣದಲ್ಲಿ ಸಶಸ್ತ್ರ ರೈತ ಹೋರಾಟ ನಡೆಸಿದ ಕಮ್ಯುನಿಸ್ಟರಿಗೆ ಸೇನೆ ನಿಜಾಮನ ಜೊತೆಗೆ ತಮ್ಮನ್ನೂ ಮಣಿಸಲು ಬಂದ ದಿನ. ಹಲವು ಮುಸ್ಲಿಂ ಮನೆಗಳಿಗೆ ಮಾತಾಡಲು ಇಷ್ಟವಿಲ್ಲದ ದುಃಖದ ನೆನಪು. ವಿಲೀನಕ್ಕಾಗಿ ಪ್ರಾಣ ಕೊಟ್ಟ ಮುಸ್ಲಿಮರ ನೆನಪು ಬೇರೆಯೇ. ಇಲ್ಲಿಗೆ ಐದಾಯಿತು, ಇನ್ನೂ ಇರಬಹುದು. "ಎರಡೂ ಕಡೆ" ಅಂತ ಶುರುಮಾಡಿದ ಮೇಷ್ಟ್ರು ಇವರಲ್ಲಿ ಮೂವರನ್ನು ತರಗತಿಯಿಂದ ಹೊರಗಟ್ಟಿದಂತೆಯೇ.

ಸಮಸಮ ಹಂಚಿಕೆಯ ಇನ್ನೊಂದು ದೋಷವೆಂದರೆ ಅದು ಸಂಗತಿಯನ್ನೂ ಅಭಿಪ್ರಾಯವನ್ನಾಗಿ ಇಳಿಸಿಬಿಡುತ್ತದೆ. ಗೋರ್ಟಾದಲ್ಲಿ ಕೊಲೆ ನಡೆಯಿತೇ ಎಂಬುದು ಚರ್ಚಾಸ್ಪರ್ಧೆಯ ವಿಷಯವಲ್ಲ. ಸೆಪ್ಟೆಂಬರಿನ ನಂತರ ಹಳ್ಳಿಗಳಲ್ಲಿ ಕೊಲೆ ನಡೆದವೇ ಎಂಬುದೂ ಅಲ್ಲ. ಚರ್ಚೆ ಇರುವುದು ಸಂಖ್ಯೆ, ಹೊಣೆ ಮತ್ತು ಅರ್ಥದ ಬಗ್ಗೆ.

ತಪ್ಪು ಕಲ್ಪನೆ: ಎಲ್ಲ ಪಕ್ಷಗಳ ಮಾತು ಕೇಳಿಸಿದರೆ ಎಲ್ಲ ನಿಲುವುಗಳನ್ನೂ ಕೇಳಿಸಿದ ಹಾಗೆ.

ವಾಸ್ತವ: ದಿಲ್ಲಿಯಲ್ಲಿ ಕೂತು ನೋಡಿದವರಿಗೆ ಹೀಗನ್ನಿಸೀತು. ಗಡಿಯಲ್ಲಿ ಈ ಲೆಕ್ಕ ಪೂರಾ ಕೈಕೊಡುತ್ತದೆ. 2022ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಒಂದಿಂಚು ನೆಲವನ್ನೂ ಬಿಡುವುದಿಲ್ಲವೆಂದು ಕರ್ನಾಟಕ ವಿಧಾನಮಂಡಲ ನಿರ್ಣಯ ಮಾಡಿತು. ಕೆಲವೇ ದಿನದಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿ ಸೇರಿ 865 ಹಳ್ಳಿ-ಪಟ್ಟಣ ತನ್ನವೆಂದು ನಿರ್ಣಯ ಮಾಡಿತು. ಎರಡೂ ಕಡೆ ಅವಿರೋಧ. ಬೇರೆಲ್ಲ ವಿಷಯಕ್ಕೂ ಮೈಕು ಕಿತ್ತುಕೊಳ್ಳುವ ಪಕ್ಷಗಳು ಇಲ್ಲಿ ಒಂದೇ ಸ್ವರ.

ಹೀಗಾಗಿ ಉದಗೀರದ ಮೇಷ್ಟ್ರೊಬ್ಬರು ಬಿಜೆಪಿ, ಕಾಂಗ್ರೆಸ್, ಎರಡು ಶಿವಸೇನೆ, ಎರಡು ರಾಷ್ಟ್ರವಾದಿ ಕಾಂಗ್ರೆಸ್ಸುಗಳ ಪ್ರತಿನಿಧಿಗಳನ್ನು ಕರೆಸಿ ತಲಾ ಅರ್ಧ ಗಂಟೆ ಮಾತಾಡಿಸಿದರೂ ಗಡಿ ವಿವಾದದ ಒಂದೇ ನಿಲುವು ಆರು ಸಲ ಕೇಳಿಸುತ್ತದೆ. ಬೀದರಿನಲ್ಲಿ ಇದನ್ನೇ ಕನ್ನಡದಲ್ಲಿ ಮಾಡಿದರೂ ಅಷ್ಟೇ. ಎದುರು ನಿಲುವು ಗಡಿಯಾಚೆ ಇದೆ, ಅದನ್ನು ಕರೆತರಬೇಕಾದವರು ಮೇಷ್ಟ್ರೇ.

ಕರೆತರುವುದು ಹೇಗೆ? ಕಾಗದಪತ್ರಗಳ ಮೂಲಕ. 1953ರಲ್ಲಿ ನೇಮಕವಾದ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ಬೀದರ್ ಜಿಲ್ಲೆಯನ್ನು ಕರ್ನಾಟಕಕ್ಕೂ ಮರಾಠಿ ಭಾಗಕ್ಕೂ ಕೊಡದೆ ಹೈದರಾಬಾದ್ ರಾಜ್ಯದಲ್ಲೇ ಉಳಿಸಲು ಸೂಚಿಸಿತ್ತು. ಸಂಸತ್ತು ಬೇರೆ ದಾರಿ ಹಿಡಿಯಿತು. 1956ರ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಮು ಹೊಸ ಮೈಸೂರು ರಾಜ್ಯಕ್ಕೆ ಬೀದರ್ ಜಿಲ್ಲೆ ಕೊಡುತ್ತದೆ, ಆದರೆ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕು ಬಿಟ್ಟು. 8ನೇ ಕಲಮು ಆ ಮೂರನ್ನು ಮುಂಬೈ ರಾಜ್ಯಕ್ಕೆ ಹಚ್ಚುತ್ತದೆ. ಈ ಎರಡು ಕಲಮುಗಳನ್ನು ಝೆರಾಕ್ಸ್ ಮಾಡಿ ಹಂಚಿ "ನಿಮ್ಮ ತಾಲ್ಲೂಕು ಎಲ್ಲಿದೆ ಹುಡುಕಿ" ಅಂದ ಒಂದು ತರಗತಿ ನನಗೆ ಚೆನ್ನಾಗಿ ನೆನಪಿದೆ. ಮೊದಲ ಐದು ನಿಮಿಷ ಗದ್ದಲ. ಬೆರಳಿಟ್ಟು ಓದುತ್ತಿದ್ದ ಹಿಂದಿನ ಬೆಂಚಿನ ಹುಡುಗ ತಲೆಯೆತ್ತಿದ. "ಸರ್, ನಮ್ಮ ಅಜ್ಜ ಬೀದರ್ ಜಿಲ್ಲಾದಾಂವ, ನಮ್ಮಪ್ಪ ಉಸ್ಮಾನಾಬಾದ್ ಜಿಲ್ಲಾದಾಂವ, ನಾ ಲಾತೂರ ಜಿಲ್ಲಾದಾಂವ. ಮನಿ ಮಾತ್ರ ಅಲ್ಲೇ ಅದ." ತರಗತಿ ನಕ್ಕಿತು. ಅವನ ಲೆಕ್ಕ ಸರಿಯಾಗಿಯೇ ಇತ್ತು: ನಿಲಂಗಾ 1956ರಲ್ಲಿ ಬೀದರಿನಿಂದ ಉಸ್ಮಾನಾಬಾದಿಗೆ ಹೋಯಿತು, 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ರಾಜ್ಯಗಳನ್ನೂ ಎಣಿಸಿದರೆ ಹೈದರಾಬಾದ್, ಮುಂಬೈ, 1960ರಿಂದ ಮಹಾರಾಷ್ಟ್ರ.

ಆ ನಗುವಿನ ನಂತರ ನಡೆದ ಚರ್ಚೆಯ ಮಟ್ಟವೇ ಬೇರೆಯಾಯಿತು. ಗಡಿ ಎಂಬುದು ಆಕಾಶದಿಂದ ಇಳಿದದ್ದಲ್ಲ, ಒಂದು ಕಾಯ್ದೆಯ ಎರಡು ಕಲಮು ಅಂತ ಕಂಡಮೇಲೆ ಆ ಕಲಮು ಸರಿಯೇ ಎಂದು ಕೇಳುವುದಕ್ಕೆ ಯಾರೂ ಅಂಜಲಿಲ್ಲ. ಮಹಾರಾಷ್ಟ್ರದ ವಾದವನ್ನು ಕನ್ನಡ ಮನೆಯ ಹುಡುಗಿ ಮಂಡಿಸಿದಳು: ಜಿಲ್ಲೆ, ತಾಲ್ಲೂಕು ಬಿಟ್ಟು ಹಳ್ಳಿಯನ್ನು ಘಟಕ ಮಾಡಿ, ಭಾಷಿಕರ ಬಹುಮತ ನೋಡಿ, ನೆಲ ಹೊಂದಿಕೊಂಡಿದೆಯೇ ನೋಡಿ, ಜನರ ಇಚ್ಛೆ ಕೇಳಿ. ಕರ್ನಾಟಕದ ವಾದವನ್ನು ಮರಾಠಿ ಹುಡುಗ ಮಂಡಿಸಿದ: ನೀವೇ ಕೇಳಿ ಪಡೆದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಬೆಳಗಾವಿಯನ್ನು ನಮ್ಮಲ್ಲೇ ಉಳಿಸಿತು, 264 ಹಳ್ಳಿ ನಿಮಗೆ, 247 ಹಳ್ಳಿ ನಮಗೆ ಅಂದಿತು, ತೀರ್ಪು ಹಿಡಿಸಲಿಲ್ಲವೆಂದು ಪಂಚರನ್ನೇ ಬಿಡುವುದು ಎಲ್ಲಿಯ ನ್ಯಾಯ? 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆಯ ತಿರುಳೂ ಹೆಚ್ಚುಕಮ್ಮಿ ಇದೇ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿ ಕೇಳಿ "ಹೌದು, ನನ್ನ ಮಾತು ಇದೇ" ಅನ್ನುವಷ್ಟು ಚೆನ್ನಾಗಿ ಪೂರ್ವಪಕ್ಷ ಹೇಳಲಾರದವನ ಖಂಡನೆಗೆ ಬೆಲೆಯಿರಲಿಲ್ಲ. ತರಗತಿಗೆ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಗೊತ್ತಿಲ್ಲ.

ತಪ್ಪು ಕಲ್ಪನೆ: ಮೇಷ್ಟ್ರು ತಮ್ಮ ಅಭಿಪ್ರಾಯವನ್ನು ಪೂರ್ತಿ ಬಚ್ಚಿಡಬೇಕು.

ವಾಸ್ತವ: ಗಡಿ ಊರಿನಲ್ಲಿ ಬಚ್ಚಿಡುವುದು ಆಗದ ಮಾತು. ಮೊದಲ ದಿನ ಹಲಗೆಯ ಮೇಲೆ ಹೆಸರು ಬರೆದ ಕೂಡಲೇ ಅಡ್ಡಹೆಸರಿನಿಂದ ಜಾತಿ, ಉಚ್ಚಾರದಿಂದ ಮನೆಮಾತು, ಊರಿನಿಂದ ನೆಂಟಸ್ತಿಕೆ, ಎಲ್ಲವನ್ನೂ ಮಕ್ಕಳು ಹಿಡಿದುಬಿಡುತ್ತಾರೆ. ಮಿಕ್ಕಿದ್ದನ್ನು ಊಹಿಸುತ್ತಾರೆ, ಹಲವು ಸಲ ತಪ್ಪಾಗಿ.

ಇದರ ಬಗ್ಗೆ ಹೊರಗಿನ ಎರಡು ಮಾತು ನೆನಪಿಡುವಂಥವು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1917ರ ಒಂದು ಉಪನ್ಯಾಸದಲ್ಲಿ, ಪ್ರಾಧ್ಯಾಪಕ ತರಗತಿಯ ವೇದಿಕೆಯನ್ನು ಪ್ರವಾದಿಯ ಪೀಠ ಮಾಡಿಕೊಳ್ಳಬಾರದೆಂದು ವಾದಿಸಿದ. ಎದುರಿಗೆ ಕೂತವರು ಪರೀಕ್ಷೆಗಾಗಿ ಕೇಳಲೇಬೇಕಾದವರು, ತಿರುಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದವರು ಎಂಬುದು ಅವನ ಆಕ್ಷೇಪ. ಅದೇ ಜರ್ಮನಿಯಲ್ಲಿ ನಾತ್ಸಿ ಕಾಲದ ಪಾಠಗಳ ಕಹಿ ಉಂಡಮೇಲೆ, 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಸಣ್ಣ ಊರಿನಲ್ಲಿ ಬೇರೆ ಬೇರೆ ಪಕ್ಷಗಳ ಕಡೆಗೆ ಒಲಿದ ಶಿಕ್ಷಣತಜ್ಞರು ಸೇರಿ ಚರ್ಚಿಸಿದರು. ಅವರು ಯಾವ ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಅಲ್ಲಿದ್ದ ಒಬ್ಬರು ಬರೆದ ಟಿಪ್ಪಣಿಯಲ್ಲಿ ಮೂರು ಮಾತು ಉಳಿದವು. ವಿದ್ಯಾರ್ಥಿಯ ತೀರ್ಮಾನವನ್ನು ಮೇಷ್ಟ್ರು ತುಳಿದುಹಾಕಬಾರದು. ಸಮಾಜದಲ್ಲಿ, ವಿದ್ವಾಂಸರಲ್ಲಿ ವಿವಾದವಿರುವುದನ್ನು ತರಗತಿಯಲ್ಲೂ ವಿವಾದವಾಗಿಯೇ ತೋರಿಸಬೇಕು. ತನ್ನ ಹಿತ ಏನೆಂದು ವಿದ್ಯಾರ್ಥಿಯೇ ವಿಚಾರ ಮಾಡುವ ಶಕ್ತಿ ಬರಬೇಕು.

ಮೇಷ್ಟ್ರು ಬಾಯಿ ಮುಚ್ಚಬೇಕು ಅಂತ ಈ ಮೂರರಲ್ಲಿ ಎಲ್ಲೂ ಇಲ್ಲ. ಕೇಳಿದರೆ ಹೇಳಲಿ, ಪಾಠ ಮುಗಿದ ಮೇಲೆ ಹೇಳಲಿ, "ಇದು ನನ್ನ ಅಭಿಪ್ರಾಯ, ಇದಕ್ಕೆ ವಿರುದ್ಧ ಬರೆದವರಿಗೂ ಪೂರ್ತಿ ಅಂಕ" ಅಂತ ಹೇಳಲಿ. ಆಮೇಲೆ ನಿಜವಾಗಿಯೂ ಹಾಗೆ ಅಂಕ ಕೊಡಲಿ. ನ್ಯಾಯದ ಪರೀಕ್ಷೆ ನಡೆಯುವುದು ಉತ್ತರಪತ್ರಿಕೆಯ ಕೆಂಪು ಶಾಯಿಯಲ್ಲಿ. ಭಾಷಣದಲ್ಲಿ ಉದಾರವಾಗಿದ್ದು ಇಂಟರ್ನಲ್ ಮಾರ್ಕ್ಸಿನಲ್ಲಿ ಸೇಡು ತೀರಿಸುವವರನ್ನು ಎಲ್ಲ ಬಣ್ಣದ ಪಕ್ಷಗಳ ಕಡೆಯವರಲ್ಲೂ ಕಂಡಿದ್ದೇವೆ.

ತಪ್ಪು ಕಲ್ಪನೆ: ಬಿಸಿ ವಿಷಯ ತಣ್ಣಗಾಗಲಿ, ಆಮೇಲೆ ಕಲಿಸೋಣ.

ವಾಸ್ತವ: ಮರಾಠವಾಡಾದಲ್ಲಿ ಯಾವುದೂ ತಾನಾಗಿ ತಣ್ಣಗಾಗಿಲ್ಲ. ವಿಶ್ವವಿದ್ಯಾಲಯದ ಹೆಸರಿನ ವಿಷಯಕ್ಕೆ ಹದಿನಾರು ವರ್ಷ ಹಿಡಿಯಿತು. ಈಗ ಮರಾಠಾ ಮೀಸಲಾತಿ. 2023ರಲ್ಲಿ ಜಾಲನಾ ಜಿಲ್ಲೆಯ ಅಂತರವಾಲಿ ಸರಾಟಿಯಲ್ಲಿ ಮನೋಜ್ ಜರಾಂಗೆ ಉಪವಾಸ ಕೂತ ಮೇಲೆ ನಿಜಾಮ ಕಾಲದ ದಾಖಲೆಗಳಲ್ಲಿ, ಒಬಿಸಿ ಪಟ್ಟಿಯಲ್ಲಿರುವ ಕುಣಬಿ ಎಂಬ ಜಾತಿಯ ನಮೂದು ಹುಡುಕುವ ಕೆಲಸ ಶುರುವಾಯಿತು. 2025ರ ಸೆಪ್ಟೆಂಬರ್ 2ರಂದು ಹೈದರಾಬಾದ್ ಗೆಜೆಟಿಯರನ್ನು ಆಧಾರ ಮಾಡಿಕೊಳ್ಳುವ ಸರ್ಕಾರಿ ಆದೇಶ ಬಂತು. ಒಬಿಸಿ ಸಂಘಟನೆಗಳು ತಮ್ಮ ಪಾಲಿಗೆ ಕೈಹಾಕಿದರೆಂದು ಬೀದಿಗಿಳಿದವು. ಆ ಹಳೆಯ ಹೈದರಾಬಾದ್ ಸಂಸ್ಥಾನದ ಒಂದು ತುಂಡು ಕರ್ನಾಟಕದಲ್ಲಿದೆ, ಒಂದು ತೆಲಂಗಾಣದಲ್ಲಿದೆ. ಅದೇ ದಾಖಲೆಗಳಿಗೆ ಅಲ್ಲಿ ಈ ಬೆಲೆ ಇಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ?

ಒಂದು ಎಚ್ಚರ ಮಾತ್ರ ಇರಲೇಬೇಕು. "ಏನಪ್ಪಾ, ನೀನು ಧನಗರ, ನಿಮ್ಮವರು ಏನಂತಾರೆ ಹೇಳು" ಅಂತ ಹುಡುಗನನ್ನು ಎದ್ದು ನಿಲ್ಲಿಸಬಾರದು. ಯಾವ ಮಗುವೂ ತನ್ನ ಜಾತಿಯ ವಕೀಲನಾಗಿ ಕಾಲೇಜಿಗೆ ಸೇರಿರುವುದಿಲ್ಲ.

ತಪ್ಪು ಕಲ್ಪನೆ: ನಮ್ಮವರ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ, ಅಲ್ಲಿ ಈ ಕಸರತ್ತು ಬೇಡ.

ವಾಸ್ತವ: ಕನ್ನಡಿಗರಾದ ನಾವು ಈ ಭ್ರಮೆಯಲ್ಲಿ ಹೆಚ್ಚು ಸುಖವಾಗಿದ್ದೇವೆ. ಉಮರ್ಗಾ, ನಿಲಂಗಾ, ಉದಗೀರದ ಲಿಂಗಾಯತ ಮನೆಗಳಲ್ಲಿ ಬಸವಣ್ಣನವರ ಫೋಟೋ ಇರುತ್ತದೆ. ಆದರೆ 2017ರಲ್ಲಿ ಬೀದರಿನಲ್ಲಿ, ಆಮೇಲೆ ಲಾತೂರಿನಲ್ಲಿ ಸ್ವತಂತ್ರ ಧರ್ಮದ ಮಾನ್ಯತೆಗಾಗಿ ಸೇರಿದ ಜನಸಾಗರದ ದಿನ ಅದೇ ಮನೆಗಳಲ್ಲಿ ಅಣ್ಣತಮ್ಮಂದಿರು ಎರಡಾದರು. ವೀರಶೈವ-ಲಿಂಗಾಯತ ಒಂದೇ ಅಂದವರಿದ್ದರು, ಬೇರೆ ಅಂದವರಿದ್ದರು, ಇದು ಧರ್ಮದ ವಿಷಯವಲ್ಲ, ಮುಂದಿನ ವರ್ಷದ ಚುನಾವಣೆಯ ವಿಷಯ ಅಂದವರಿದ್ದರು. 2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಬಸವಣ್ಣನವರ ಪಾಠದ ಬಗ್ಗೆ ಮಠಾಧೀಶರೇ ಆಕ್ಷೇಪ ಎತ್ತಿದರು. 2015ರ ಆಗಸ್ಟ್ 30ರಂದು ವಚನ ಸಾಹಿತ್ಯದ ವಿದ್ವಾಂಸ ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದದ್ದನ್ನು ಮರೆಯುವಂತಿಲ್ಲ. ಮರಾಠಿ ಮೇಷ್ಟ್ರು ಶಿವಾಜಿಯ ಬಗ್ಗೆ ಎರಡು ನಿಲುವು ಹೇಳಲಿ ಅಂತ ಬಯಸುವ ನಾವು ನಮ್ಮ ಅಂಗಳದಲ್ಲೂ ಅಷ್ಟೇ ಧೈರ್ಯ ತೋರಿಸಬೇಕಾಗುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಭ್ರಮೆ, ಒಬ್ಬ ಚಿಂತಕನಿಗೆ ಒಂದೇ ಅಭಿಪ್ರಾಯ ಎಂಬುದು. ಅಂಬೇಡ್ಕರ್ ಅವರು 1948ರಲ್ಲಿ ಮಹಾರಾಷ್ಟ್ರವನ್ನು ಒಂದೇ ಭಾಷಾ ಪ್ರಾಂತವಾಗಿ ಕಟ್ಟುವುದನ್ನು ಸಮರ್ಥಿಸಿ ಬರೆದರು. 1955ರ ಭಾಷಾವಾರು ರಾಜ್ಯಗಳ ಕುರಿತ ಪುಸ್ತಕದಲ್ಲಿ ಮರಾಠಿ ಪ್ರದೇಶವನ್ನು ನಾಲ್ಕು ರಾಜ್ಯ ಮಾಡಬೇಕು, ಮರಾಠವಾಡಾ ಅದರಲ್ಲಿ ಪ್ರತ್ಯೇಕವಾಗಿರಬೇಕು ಅಂದರು. ಅವರ ಹೆಸರಿನ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಬೇಕು.

ತಪ್ಪು ಕಲ್ಪನೆ: ಇದೆಲ್ಲ ದೊಡ್ಡ ವಿಶ್ವವಿದ್ಯಾಲಯದವರ ಉಸಾಬರಿ. ತಾಲ್ಲೂಕು ಕಾಲೇಜಿಗೆ ಗೈಡ್ ಸಾಕು.

ವಾಸ್ತವ: ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಇಲ್ಲೇ ಇದೆ. ಮೇಷ್ಟ್ರುಗಳು ಮಕ್ಕಳ ತಲೆಗೆ ಎಡಪಂಥ ತುಂಬುತ್ತಾರೆ, ಬಲಪಂಥ ತುಂಬುತ್ತಾರೆ ಅಂತ ಟೀವಿಯಲ್ಲಿ ಕೂಗಾಡುವವರು ಒಮ್ಮೆ ಗಡಿ ಕಾಲೇಜಿನ ತರಗತಿಗೆ ಬಂದು ಕೂರಬೇಕು. ಅಲ್ಲಿ ಯಾವ ಪಂಥವೂ ಇರುವುದಿಲ್ಲ. ಗೈಡಿನಿಂದ ನೋಟ್ಸ್, ನೋಟ್ಸಿನಿಂದ ಉತ್ತರಪತ್ರಿಕೆ. "ಭಾಷಾವಾರು ಪ್ರಾಂತ ರಚನೆಯ ಗುಣದೋಷಗಳು": ಗುಣ ಐದು, ದೋಷ ಐದು, ಹತ್ತು ಅಂಕ. ನೋಡಿದರೆ ಎಷ್ಟು ಸಮತೋಲನ! ಆದರೆ ಆ ಐದು ಗುಣಗಳನ್ನು ಯಾರು ಹೇಳಿದರು, ಯಾಕೆ ಹೇಳಿದರು, ಯಾರ ಮನೆಗೆ ಅದರಿಂದ ಏನಾಯಿತು ಎಂಬುದು ಬರೆದವನಿಗೂ ಗೊತ್ತಿರುವುದಿಲ್ಲ, ತಿದ್ದಿದವನಿಗೂ ಬೇಕಿರುವುದಿಲ್ಲ. ವಾದವೇ ಕೇಳಿಸದ ಕಡೆ ಪಕ್ಷಪಾತಕ್ಕೂ ಜಾಗವಿಲ್ಲ, ನ್ಯಾಯಕ್ಕೂ ಇಲ್ಲ. ಅಂಥ ತರಗತಿಯಿಂದ ಹೊರಬಿದ್ದ ಹುಡುಗನಿಗೆ ಜೀವನದ ಮೊದಲ ರಾಜಕೀಯ ವಾದ ಸಿಗುವುದು ವಾಟ್ಸಾಪಿನಲ್ಲಿ.

ಗೈಡಿನಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ ಕೊಡುವುದೇ ಇದಕ್ಕೆ ಮದ್ದು, ಅದಕ್ಕೆ ದೊಡ್ಡ ಗ್ರಂಥಾಲಯ ಬೇಡ. ಉದಾಹರಣೆಗೆ: 1956ರವರೆಗೆ ಭಾಲ್ಕಿ ಮತ್ತು ಉದಗೀರ ಒಂದೇ ಜಿಲ್ಲೆಯಲ್ಲಿದ್ದವು. ಈಗ ಭಾಲ್ಕಿಗೆ ಸಂವಿಧಾನದ 371(ಜೆ) ವಿಧಿ ಇದೆ, 2012ರ 98ನೇ ತಿದ್ದುಪಡಿಯಿಂದ ಬಂದದ್ದು, ಸ್ಥಳೀಯರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲು ಕೊಡುತ್ತದೆ. ಉದಗೀರಕ್ಕೆ 371(2) ಇದೆ. ಅದರಡಿ 1994ರಲ್ಲಿ ಬಂದ ಮರಾಠವಾಡಾ ಅಭಿವೃದ್ಧಿ ಮಂಡಳಿಯ ಅವಧಿ 2020ರಲ್ಲಿ ಮುಗಿಯಿತು. ಹಿಂದುಳಿದ ಸೀಮೆಗೆ ಮಂಡಳಿ ಒಳ್ಳೆಯದೋ ಮೀಸಲು ಒಳ್ಳೆಯದೋ, ಅಥವಾ ಎರಡೂ ಸೇರಿ ಮುಂಬೈ-ಬೆಂಗಳೂರಿನವರ ಸಮಾಧಾನದ ತುಣುಕೋ? ಇದಕ್ಕೆ ಭಾಲ್ಕಿಯ ನೆಂಟರಿಗೆ ಫೋನು ಮಾಡಿ ಕೇಳಿದವನೂ ಒಳ್ಳೆಯ ಉತ್ತರ ಬರೆಯಬಲ್ಲ. ಉಳ್ಳವರ ಮಗಳಿಗೂ ಕೂಲಿಯವರ ಮಗನಿಗೂ ಇಲ್ಲಿ ಒಂದೇ ಅವಕಾಶ, ಯಾಕೆಂದರೆ ಆಕರ ಇರುವುದು ಊರಿನಲ್ಲೇ.

ತಪ್ಪು ಕಲ್ಪನೆ: ಧೈರ್ಯ ಇದ್ದರೆ ಯಾವ ಮೇಷ್ಟ್ರೂ ಇದನ್ನು ಮಾಡಬಹುದು.

ವಾಸ್ತವ: ಇಷ್ಟು ಹೊತ್ತು ಮೇಷ್ಟ್ರುಗಳಿಗೆ ಉಪದೇಶ ಮಾಡಿದ್ದಾಯಿತು, ಅವರ ಸ್ಥಿತಿಯನ್ನೂ ನೋಡಬೇಕು. ನಮ್ಮ ಸಂವಿಧಾನದಲ್ಲಿ ಶೈಕ್ಷಣಿಕ ಸ್ವಾತಂತ್ರ್ಯ ಎಂಬ ಪ್ರತ್ಯೇಕ ಹಕ್ಕಿಲ್ಲ. 19(1)(ಎ) ವಿಧಿಯ ಮಾತಿನ ಸ್ವಾತಂತ್ರ್ಯವೇ ಆಧಾರ, ಅದಕ್ಕೆ 19(2)ರ ಮಿತಿಗಳುಂಟು. ತರಗತಿಯಲ್ಲಿ ಒಂದು ನಿಲುವನ್ನು ವಿವರಿಸುವುದಕ್ಕೂ ದ್ವೇಷ ಬಿತ್ತುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಠಾಣೆಯಲ್ಲಿ ಕೂತು ವಿವರಿಸಬೇಕಾದ ಪರಿಸ್ಥಿತಿ ಯಾರಿಗೂ ಬೇಡ. ಹಿಂದಿನ ಬೆಂಚಿನಲ್ಲಿ ಮೊಬೈಲಿನ ಕ್ಯಾಮೆರಾ ಸದಾ ತಯಾರಿರುತ್ತದೆ. ಪೂರ್ವಪಕ್ಷದ ಮೂವತ್ತು ಸೆಕೆಂಡು ಕತ್ತರಿಸಿದರೆ ಅದೇ ಮೇಷ್ಟ್ರ ಸಿದ್ಧಾಂತವಾಗಿ ಸಂಜೆಗೆ ಊರೆಲ್ಲ ಹರಡುತ್ತದೆ.

ಕಾನೂನಿಗಿಂತ ಹೊಟ್ಟೆಪಾಡಿನ ಭಯ ದೊಡ್ಡದು. ಮಹಾರಾಷ್ಟ್ರದ ಅನುದಾನಿತ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತವರು ಸಿ.ಎಚ್.ಬಿ. ಮೇಷ್ಟ್ರುಗಳು, ಅಂದರೆ ತಾಸಿಗಿಷ್ಟು ಅಂತ ಸಂಬಳ ಪಡೆಯುವವರು. ಕರ್ನಾಟಕದಲ್ಲಿ ಅವರಿಗೆ ಅತಿಥಿ ಉಪನ್ಯಾಸಕರು ಎನ್ನುತ್ತಾರೆ, ವರ್ಷಗಟ್ಟಲೆ ಇದ್ದರೂ ಅತಿಥಿಗಳೇ. ಪಿಎಚ್.ಡಿ., ನೆಟ್, ಸೆಟ್ ಎಲ್ಲ ಮುಗಿಸಿದವರು ಮುಂದಿನ ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದೆ ದುಡಿಯುತ್ತಾರೆ. ಸಂಸ್ಥೆಯ ಅಧ್ಯಕ್ಷರು ಅನೇಕ ಕಡೆ ಒಂದು ಪಕ್ಷದ ಮುಖಂಡರೂ ಆಗಿರುತ್ತಾರೆ. ಅಂಥ ಮೇಷ್ಟ್ರಿಗೆ "ಅಧ್ಯಕ್ಷರ ಪಕ್ಷದ ವಿರುದ್ಧದ ವಾದವನ್ನೂ ಅಷ್ಟೇ ಚೆನ್ನಾಗಿ ಹೇಳಿ" ಅನ್ನುವುದು ಸುಲಭ, ಅವರು ಹೇಳುವುದು ಕಷ್ಟ. ಅವರು ಗೈಡಿನ ಹಿಂದೆ ಅಡಗಿದರೆ ನಾನು ಅವರನ್ನು ಬಯ್ಯಲಾರೆ.

ಆದ್ದರಿಂದ ತರಗತಿಯಲ್ಲಿ ಎಲ್ಲ ನಿಲುವುಗಳಿಗೂ ಜಾಗ ಬೇಕು ಅನ್ನುವವರು, ಅದರಲ್ಲೂ ಗಡಿ ಭಾಗದ ಪಾಲಕರು, ಹಳೆಯ ವಿದ್ಯಾರ್ಥಿಗಳು, ಎರಡೂ ರಾಜ್ಯಗಳ ಶಾಸಕರಿಗೆ ಮತ ಕೊಡುವವರು ಮೊದಲು ಒಂದು ಪ್ರಶ್ನೆ ಕೇಳಲಿ: ನಮ್ಮ ಊರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಮತ್ತು ಇತಿಹಾಸದ ಕಾಯಂ ಹುದ್ದೆಗಳು ಎಷ್ಟು ಖಾಲಿ ಇವೆ, ಯಾವಾಗಿನಿಂದ ಖಾಲಿ ಇವೆ? ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಉತ್ತರ ಬಂದಮೇಲೆ ಆ ಹುದ್ದೆಗಳನ್ನು ತುಂಬಿಸುವವರೆಗೆ ಬಿಡಬೇಡಿ.